ಸಾವಧಾನ ಪಾಲನೆ

ಸಾವಧಾನ ಪಾಲನೆ ಎಂಬುದು ಮಗುವಿನೊಡನೆ ಇರುವಾಗ ಹೆತ್ತವರು ಮಗುವಿನ ಮೇಲೆಯೂ ತಮ್ಮ ಮನಸ್ಸಿನ ಮೇಲೆಯೂ ಗಮನವಿರಿಸಿ, ಕೋಪ ಇಲ್ಲವೆ ಆತಂಕದ ಭರದಲ್ಲಿ ವರ್ತಿಸದೆ, ಕ್ಷಣಕಾಲ ತಡೆದು ವಿವೇಚನೆಯಿಂದ ನಡೆದುಕೊಳ್ಳುವ ಪಾಲನಾ ವಿಧಾನವಾಗಿದೆ. ಇಂಗ್ಲಿಷಿನ ‘ಮೈಂಡ್‌ಫುಲ್ ಪೇರೆಂಟಿಂಗ್’ ಎಂಬ ಪದಕ್ಕೆ ಇದು ಸಂವಾದಿಯಾಗಿದೆ. ಈ ಪರಿಕಲ್ಪನೆಯು 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. 2009ರ ನಂತರ ಮನೋವಿಜ್ಞಾನದ ಒಂದು ಸಂಶೋಧನಾ ವಿಷಯವಾಗಿ ಬೆಳೆಯಿತು. ತಾಯಂದಿರ ಮಾನಸಿಕ ಒತ್ತಡವನ್ನು ತಗ್ಗಿಸುವುದು ಮತ್ತು ಆ ಮೂಲಕ ಎಳೆಯ ಮಕ್ಕಳ ಕ್ಷೇಮವನ್ನು ಕಾಪಾಡುವುದು ಇದರ ಮುಖ್ಯ ಉದ್ದೇಶಗಳಲ್ಲಿ ಒಂದು. ಇದುವರೆಗಿನ ಅಧ್ಯಯನಗಳು ಈ ವಿಧಾನದಿಂದ ಹೆತ್ತವರ ಒತ್ತಡ ಸ್ವಲ್ಪಮಟ್ಟಿಗೆ ಇಳಿಯುತ್ತದೆಂದು ತೋರಿಸಿವೆ. ಆದರೆ ಇದು ತಾಯಿಗೆ ಸಿಗಬೇಕಾದ ವಿಶ್ರಾಂತಿ, ಮನೆಯವರ ನೆರವು ಮತ್ತು ಅಗತ್ಯವಿದ್ದಾಗ ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ.

ಪದದ ಅರ್ಥ

‘ಅವಧಾನ’ ಎಂದರೆ ಗಮನ, ಏಕಾಗ್ರತೆ. ಅವಧಾನದಿಂದ ಕೂಡಿದ್ದು ‘ಸಾವಧಾನ’. ಅಷ್ಟಾವಧಾನ, ಶತಾವಧಾನ ಎಂಬ ಕಲೆಗಳ ಹೆಸರಿನಲ್ಲಿಯೂ ಇದೇ ಪದವಿದೆ. ಅವಧಾನಿಯು ಏಕಕಾಲದಲ್ಲಿ ಹಲವು ವಿಷಯಗಳಿಗೆ ಗಮನ ಕೊಡುತ್ತಾನೆ. ಸಾವಧಾನ ಪಾಲನೆಯಲ್ಲಾದರೋ ಹಲವು ಕೆಲಸಗಳ ನಡುವೆ ಹಂಚಿಹೋಗಿರುವ ಗಮನವನ್ನು ಸ್ವಲ್ಪ ಹೊತ್ತು ಮಗುವಿನ ಕಡೆಗೆ ತರಲಾಗುತ್ತದೆ. ದಿನಬಳಕೆಯ ಕನ್ನಡದಲ್ಲಿ ‘ಸಾವಧಾನ’ಕ್ಕೆ ಅವಸರವಿಲ್ಲದಿರುವಿಕೆ, ತಾಳ್ಮೆ ಎಂಬ ಅರ್ಥವೂ ಉಂಟು. ಈ ಎರಡು ಅರ್ಥಗಳೂ ಪ್ರಸ್ತುತ ಪರಿಕಲ್ಪನೆಗೆ ಹೊಂದುತ್ತವೆ. ಇದರ ಮೂಲವು ಬೌದ್ಧ ಪರಂಪರೆಯಲ್ಲಿ ಪಾಲಿ ಭಾಷೆಯ ‘ಸತಿ’, ಸಂಸ್ಕೃತದ ‘ಸ್ಮೃತಿ’ ಎಂಬ ಹೆಸರಿನಿಂದ ಬರುವ ಧ್ಯಾನದ ಎಚ್ಚರದಲ್ಲಿದೆ. ಆಧುನಿಕ ಮನೋವಿಜ್ಞಾನವು ಅದನ್ನು ಧಾರ್ಮಿಕ ಚೌಕಟ್ಟಿನಿಂದ ಹೊರತಂದು ತರಬೇತಿಯ ರೂಪದಲ್ಲಿ ಬಳಸುತ್ತದೆ.

ಹಿನ್ನೆಲೆ

ತಾಯಿ–ಮಗುವಿನ ಬಾಂಧವ್ಯವನ್ನು ಕುರಿತ ವೈಜ್ಞಾನಿಕ ಚಿಂತನೆ ಎರಡನೆಯ ಮಹಾಯುದ್ಧದ ನಂತರ ಬಲಗೊಂಡಿತು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿ 1951ರಲ್ಲಿ ಪ್ರಕಟವಾಯಿತು. ಮಗುವಿನ ಮಾನಸಿಕ ಬೆಳವಣಿಗೆಗೆ ಆತ್ಮೀಯವೂ ನಿರಂತರವೂ ಆದ ಆರೈಕೆ ಅವಶ್ಯವೆಂದು ಅವರು ವಾದಿಸಿದರು. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದಲ್ಲಿಯೂ ಬಳಿಕ ಅಮೆರಿಕದ ಬಾಲ್ಟಿಮೋರಿನಲ್ಲಿಯೂ ತಾಯಿ–ಮಕ್ಕಳನ್ನು ಅವರ ಮನೆಗಳಲ್ಲಿಯೇ ಗಮನಿಸಿ, ಮಗುವಿನ ಸೂಚನೆಗಳನ್ನು ಗುರುತಿಸಿ ತಕ್ಕಂತೆ ಸ್ಪಂದಿಸುವ ಗುಣದ ಮಹತ್ತ್ವವನ್ನು ವಿವರಿಸಿದರು. ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ ಅವರು, ಮಗುವಿಗೆ ಬೇಕಾಗಿರುವುದು ಲೋಪವೇ ಇಲ್ಲದ ತಾಯಿಯಲ್ಲ, ‘ಸಾಕಷ್ಟು ಒಳ್ಳೆಯ ತಾಯಿ’ ಎಂದು ಪ್ರತಿಪಾದಿಸಿದರು.

ಇನ್ನೊಂದು ಕಡೆ, 1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಒತ್ತಡ ಶಮನ ಚಿಕಿತ್ಸಾಲಯವನ್ನು ಆರಂಭಿಸಿದರು. ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಅಲ್ಲಿ ರೂಪುಗೊಂಡ 8 ವಾರಗಳ ಧ್ಯಾನಾಧಾರಿತ ತರಬೇತಿ ಮುಂದೆ ಹಲವು ದೇಶಗಳಿಗೆ ಹರಡಿತು. ಮೈಲಾ ಮತ್ತು ಜಾನ್ ಕಬಾಟ್-ಜಿನ್ ದಂಪತಿ 1997ರಲ್ಲಿ ಪ್ರಕಟಿಸಿದ ‘ಎವರಿಡೇ ಬ್ಲೆಸಿಂಗ್ಸ್’ ಎಂಬ ಪುಸ್ತಕವು ಈ ಅಭ್ಯಾಸವನ್ನು ಮಕ್ಕಳ ಪಾಲನೆಗೆ ಅನ್ವಯಿಸಿತು. ಅದರ ಮರುವರ್ಷ, 1998ರಲ್ಲಿ, ಸೂಲಗಿತ್ತಿ ವೃತ್ತಿಯ ನ್ಯಾನ್ಸಿ ಬಾರ್ಡಕಿ ಅವರು ಗರ್ಭಿಣಿಯರು ಮತ್ತು ಅವರ ಸಂಗಾತಿಗಳಿಗಾಗಿ ಪ್ರತ್ಯೇಕ ತರಬೇತಿಯನ್ನು ಪ್ರಾರಂಭಿಸಿದರು. ನೆದರ್ಲೆಂಡ್ಸ್‌ನಲ್ಲಿ ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸೂಸನ್ ಬೋಗೆಲ್ಸ್ ಮತ್ತು ಅವರ ಸಹವರ್ತಿಗಳು ಮಾನಸಿಕ ಆರೋಗ್ಯ ಕೇಂದ್ರಗಳಿಗೆ ಬರುವ ಹೆತ್ತವರಿಗಾಗಿ 8 ವಾರಗಳ ಪಠ್ಯಕ್ರಮವೊಂದನ್ನು ಸಿದ್ಧಪಡಿಸಿದರು.

ಐದು ಆಯಾಮಗಳು

ಲರಿಸಾ ಡಂಕನ್, ಡಗ್ಲಾಸ್ ಕೋಟ್ಸ್‌ವರ್ತ್ ಮತ್ತು ಮಾರ್ಕ್ ಗ್ರೀನ್‌ಬರ್ಗ್ ಅವರು 2009ರಲ್ಲಿ ಮಂಡಿಸಿದ ಮಾದರಿಯು ಈ ಕ್ಷೇತ್ರದಲ್ಲಿ ಹೆಚ್ಚಾಗಿ ಉಲ್ಲೇಖವಾಗುತ್ತದೆ. ಅದರ ಪ್ರಕಾರ ಸಾವಧಾನ ಪಾಲನೆಗೆ ಐದು ಆಯಾಮಗಳಿವೆ.

1. ಪೂರ್ಣ ಗಮನದಿಂದ ಆಲಿಸುವುದು: ಮಗುವಿನ ಮಾತನ್ನಷ್ಟೇ ಅಲ್ಲದೆ ಅದರ ದನಿ, ಮುಖಭಾವ, ಮೈಯ ಚಲನೆಗಳನ್ನೂ ಗಮನಿಸುವುದು. ಮಾತು ಬಾರದ ಹಸುಗೂಸಿನ ವಿಷಯದಲ್ಲಿ ಇದು ಹಸಿವಿನ ಅಳು, ನಿದ್ದೆಯ ಅಳು, ನೋವಿನ ಅಳುಗಳ ವ್ಯತ್ಯಾಸವನ್ನು ಕ್ರಮೇಣ ಗುರುತಿಸುವುದಾಗಿರುತ್ತದೆ.

2. ತೀರ್ಪು ನೀಡದೆ ಒಪ್ಪಿಕೊಳ್ಳುವುದು: ಮಗುವನ್ನು ‘ಹಟಮಾರಿ’, ‘ಮೊದ್ದು’ ಎಂದು, ತನ್ನನ್ನು ‘ಕೆಟ್ಟ ತಾಯಿ’ ಎಂದು ಹಣೆಪಟ್ಟಿ ಹಚ್ಚದಿರುವುದು. ಮಗುವಿನ ಎಲ್ಲ ನಡವಳಿಕೆಗೂ ಸಮ್ಮತಿ ನೀಡುವುದೆಂದು ಇದರ ಅರ್ಥವಲ್ಲ. ತಪ್ಪನ್ನು ತಿದ್ದುವುದು ಇದಕ್ಕೆ ವಿರುದ್ಧವೂ ಅಲ್ಲ.

3. ಭಾವನೆಗಳ ಅರಿವು: ತನ್ನೊಳಗೆ ಕೋಪ ಏರುತ್ತಿದೆ, ಮಗುವಿಗೆ ಭಯವಾಗಿದೆ ಎಂಬುದನ್ನು ಆ ಗಳಿಗೆಯಲ್ಲಿಯೇ ಗುರುತಿಸುವುದು.

4. ಸ್ವನಿಯಂತ್ರಣ: ಕೋಪ ಬಂದರೂ ಕೈಯೆತ್ತುವ ಅಥವಾ ಕಿರುಚುವ ಮುನ್ನ ತಡೆಯುವುದು. ಕೋಪವೇ ಬಾರದಂತೆ ಮಾಡುವುದು ಇಲ್ಲಿನ ಗುರಿಯಲ್ಲ.

5. ಕರುಣೆ: ಮಗುವಿನ ಬಗ್ಗೆಯೂ ತನ್ನ ಬಗ್ಗೆಯೂ ಮರುಕವಿರುವುದು. ದಣಿದ ತಾಯಿ ತನ್ನ ದಣಿವನ್ನು ಅಪರಾಧವೆಂದು ಭಾವಿಸದಿರುವುದು ಇದರಲ್ಲಿ ಸೇರಿದೆ.

ಈ ಐದರಲ್ಲಿ ಹಲವು ಆಯಾಮಗಳು ಮಗುವಿಗೆ ಹೇಗೋ ಹಾಗೆ ಹೆತ್ತವರಿಗೂ ಅನ್ವಯಿಸುವುದು ಈ ಮಾದರಿಯ ವೈಶಿಷ್ಟ್ಯ.

ತಾಯಿಯ ಒತ್ತಡ

ಪಾಲನೆಯ ಹೊಣೆ ಬೇಡುವ ಶ್ರಮ ಮತ್ತು ಅದಕ್ಕೆ ತನ್ನ ಬಳಿಯಿರುವ ಶಕ್ತಿ, ಸಮಯ, ಸಹಾಯ ಇವುಗಳ ನಡುವೆ ಅಂತರ ಬೆಳೆದಾಗ ಉಂಟಾಗುವ ಬಳಲಿಕೆಯನ್ನು ಪಾಲನಾ ಒತ್ತಡವೆನ್ನುತ್ತಾರೆ. ನಿದ್ರಾಭಂಗ, ಹೆರಿಗೆಯ ನಂತರದ ದೈಹಿಕ ಬದಲಾವಣೆ, ಎದೆಹಾಲಿನ ಬಗೆಗಿನ ಆತಂಕ, ಹಣಕಾಸಿನ ಮುಗ್ಗಟ್ಟು, ಉದ್ಯೋಗ ಮತ್ತು ಮನೆಗೆಲಸದ ಇಮ್ಮಡಿ ಹೊರೆ, ದಾಂಪತ್ಯದ ಬಿರುಕು, ಒಂಟಿತನ ಮುಂತಾದವು ಇದಕ್ಕೆ ಕಾರಣಗಳು. ಮಗುವಿನ ಸ್ವಭಾವ, ಅನಾರೋಗ್ಯ ಅಥವಾ ಬೆಳವಣಿಗೆಯ ತೊಡಕುಗಳೂ ಒತ್ತಡವನ್ನು ಹೆಚ್ಚಿಸಬಲ್ಲವು. ಇದನ್ನು ಅಳೆಯಲು ರಿಚರ್ಡ್ ಅಬಿಡಿನ್ ಅವರು ರೂಪಿಸಿದ ಪಾಲನಾ ಒತ್ತಡ ಸೂಚ್ಯಂಕವು ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಕಿರು ಆವೃತ್ತಿಯಲ್ಲಿ 36 ಅಂಶಗಳಿವೆ.

ಒತ್ತಡವೆಲ್ಲವೂ ಕಾಯಿಲೆಯಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಅನೇಕ ಬಾಣಂತಿಯರಿಗೆ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಚಂಚಲವಾಗುವುದು ಸಾಮಾನ್ಯ. ಇದು ಎರಡು ವಾರಗಳೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ. ದುಃಖ, ನಿರಾಸಕ್ತಿ, ಅಪರಾಧಿ ಭಾವಗಳು ಎರಡು ವಾರಗಳನ್ನು ಮೀರಿ ಮುಂದುವರಿದರೆ ಅದು ಪ್ರಸವಾನಂತರದ ಖಿನ್ನತೆಯಾಗಿರಬಹುದು. ಸಾವಿರ ಹೆರಿಗೆಗಳಲ್ಲಿ ಒಂದೆರಡು ಪ್ರಕರಣಗಳಲ್ಲಿ ಕಾಣಿಸಿಕೊಳ್ಳುವ ಪ್ರಸವಾನಂತರದ ಮನೋವಿಕಾರವು ತುರ್ತು ಚಿಕಿತ್ಸೆ ಬೇಡುವ ಸ್ಥಿತಿ. ಹಳೆಯ ತಲೆಮಾರಿನವರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದ ತೊಂದರೆಗಳಲ್ಲಿ ಇದೂ ಸೇರಿತ್ತು.

ಖಿನ್ನತೆಯ ಸಾಧ್ಯತೆಯನ್ನು ಗುರುತಿಸಲು ಜಾನ್ ಕಾಕ್ಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಎಡಿನ್‌ಬರೋ ಪ್ರಸವಾನಂತರ ಖಿನ್ನತಾ ಮಾಪಕವನ್ನು ಬಳಸುತ್ತಾರೆ. ಹಿಂದಿನ ಏಳು ದಿನಗಳ ಮನಃಸ್ಥಿತಿಯನ್ನು ಕುರಿತ 10 ಪ್ರಶ್ನೆಗಳಿರುವ ಈ ಮಾಪಕದ ಕನ್ನಡ ರೂಪವೂ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಶೇ. 10ರಷ್ಟು ಗರ್ಭಿಣಿಯರು ಮತ್ತು ಶೇ. 13ರಷ್ಟು ಬಾಣಂತಿಯರು ಒಂದಲ್ಲ ಒಂದು ಮಾನಸಿಕ ತೊಂದರೆಯನ್ನು, ಮುಖ್ಯವಾಗಿ ಖಿನ್ನತೆಯನ್ನು, ಅನುಭವಿಸುತ್ತಾರೆ. ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 15.6 ಮತ್ತು ಶೇ. 19.8. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯು ದೇಶದಲ್ಲಿ ಸುಮಾರು ಶೇ. 22ರಷ್ಟು ತಾಯಂದಿರಲ್ಲಿ ಪ್ರಸವಾನಂತರದ ಖಿನ್ನತೆ ಇರುವುದಾಗಿ ಅಂದಾಜಿಸಿತು.

ಒತ್ತಡವು ಮಗುವನ್ನು ತಲುಪುವ ಬಗೆ

ಎಳೆಯ ಮಗು ತನ್ನ ಭಾವನೆಗಳನ್ನು ತಾನೇ ಹತೋಟಿಗೆ ತಂದುಕೊಳ್ಳಲಾರದು. ಎತ್ತಿಕೊಳ್ಳುವ ಕೈ, ಮಾತಾಡಿಸುವ ದನಿ, ನಗುವ ಮುಖ ಇವುಗಳ ಮೂಲಕ ಅದು ಶಾಂತವಾಗುವುದನ್ನು ಕಲಿಯುತ್ತದೆ. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಅವರು 1970ರ ದಶಕದಲ್ಲಿ ನಡೆಸಿದ ‘ನಿಶ್ಚಲ ಮುಖ’ ಪ್ರಯೋಗ. ಇದರಲ್ಲಿ ತಾಯಿ ಮೊದಲು ಮಗುವಿನೊಡನೆ ಎಂದಿನಂತೆ ಆಡುತ್ತಾಳೆ. ಅನಂತರ ಕೆಲವು ನಿಮಿಷ ಯಾವ ಭಾವವನ್ನೂ ತೋರದೆ ಸುಮ್ಮನೆ ಮಗುವನ್ನು ನೋಡುತ್ತ ಕೂರುತ್ತಾಳೆ. ಮಗು ನಕ್ಕು, ಕೈಚಾಚಿ, ಸದ್ದು ಮಾಡಿ ತಾಯಿಯನ್ನು ಮರಳಿ ಸೆಳೆಯಲು ಯತ್ನಿಸುತ್ತದೆ. ಅದು ಫಲಿಸದಿದ್ದಾಗ ಮುಖ ತಿರುಗಿಸುತ್ತದೆ, ಬಾಡುತ್ತದೆ ಇಲ್ಲವೆ ಅಳುತ್ತದೆ. ತಾಯಿ ಮನೆಯಲ್ಲಿಯೇ ಇದ್ದರೂ ಖಿನ್ನತೆ ಅಥವಾ ತೀವ್ರ ಒತ್ತಡದಿಂದ ಸ್ಪಂದಿಸಲಾರದೆ ಹೋದರೆ ಮಗುವಿಗೆ ಏನಾಗಬಹುದೆಂಬುದನ್ನು ಅರಿಯಲು ಈ ಪ್ರಯೋಗ ನೆರವಾಯಿತು.

ಇದೇ ಸಂಶೋಧನೆಯ ಇನ್ನೊಂದು ಮುಖ ಅಷ್ಟೇ ಮುಖ್ಯವಾದುದು. ಆರೋಗ್ಯವಂತ ತಾಯಿ–ಮಗು ಜೋಡಿಗಳಲ್ಲಿಯೂ ಇಬ್ಬರ ಭಾವಗಳು ಪರಸ್ಪರ ಹೊಂದಿಕೊಂಡಿರುವುದು ಒಟ್ಟು ಸಮಯದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಎಂದು ಟ್ರಾನಿಕ್ ಅವರ ಅಧ್ಯಯನಗಳು ತಿಳಿಸಿದವು. ಉಳಿದ ಸಮಯವೆಲ್ಲ ತಪ್ಪುವುದು ಮತ್ತು ಸರಿಪಡಿಸಿಕೊಳ್ಳುವುದರಲ್ಲಿ ಸಾಗುತ್ತದೆ. ಮಗುವಿಗೆ ಭದ್ರತೆಯ ಭಾವ ಬರುವುದು ತಪ್ಪೇ ಆಗದಿರುವುದರಿಂದಲ್ಲ, ತಪ್ಪಿದ ಕೊಂಡಿ ಮತ್ತೆ ಕೂಡಿಕೊಳ್ಳುವುದರಿಂದ.

ಒತ್ತಡದ ದೈಹಿಕ ಮಾರ್ಗವೂ ಉಂಟು. ಒತ್ತಡದ ಸಮಯದಲ್ಲಿ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆಯ ಕೇಂದ್ರವು ಎಳೆಯ ಮಕ್ಕಳ ಒತ್ತಡವನ್ನು ಹಿತಕರ, ಸಹ್ಯ ಮತ್ತು ವಿಷಕಾರಿ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಕಷ್ಟ ತೀವ್ರವೂ ದೀರ್ಘವೂ ಆಗಿದ್ದು, ಮಗುವನ್ನು ಸಂತೈಸುವ ಹಿರಿಯರೊಬ್ಬರು ಜೊತೆಗಿಲ್ಲದಿದ್ದಾಗ ಅದು ವಿಷಕಾರಿಯಾಗುತ್ತದೆ. ಆ ಹಿರಿಯರು ತಾಯಿಯೇ ಆಗಿರಬೇಕೆಂದಿಲ್ಲ. ತಂದೆ, ಅಜ್ಜಿ, ಚಿಕ್ಕಮ್ಮ, ಅಂಗನವಾಡಿಯ ಕಾರ್ಯಕರ್ತೆ ಯಾರಾದರೂ ಆಗಬಹುದು.

ತಾಯಿಯ ದೀರ್ಘಕಾಲದ ಒತ್ತಡದಿಂದ ಮಗುವಿನಲ್ಲಿ ನಿದ್ದೆಯ ಏರುಪೇರು, ಅತಿಯಾದ ಅಳು, ಅಂಟಿಕೊಳ್ಳುವಿಕೆ, ಮಾತು ತಡವಾಗುವುದು, ಸಿಡುಕು, ಹೊಡೆಯುವುದು ಮುಂತಾದವು ಕಾಣಿಸಬಹುದು. ಆದರೆ ಈ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರುತ್ತವೆ. ಅಲ್ಲದೆ ಸಂಬಂಧವು ಎರಡೂ ದಿಕ್ಕಿನದು: ತಾಯಿಯ ಒತ್ತಡ ಮಗುವನ್ನು ಕಾಡುವಂತೆಯೇ ಮಗುವಿನ ತೊಂದರೆಯೂ ತಾಯಿಯ ಒತ್ತಡವನ್ನು ಹೆಚ್ಚಿಸುತ್ತದೆ.

ಅಭ್ಯಾಸದ ಕ್ರಮ

ಸಾಮಾನ್ಯವಾಗಿ ತರಬೇತಿಯು ವಾರಕ್ಕೊಮ್ಮೆ ಗುಂಪಿನಲ್ಲಿ ನಡೆಯುತ್ತದೆ. ಉಳಿದ ದಿನಗಳಲ್ಲಿ ಮನೆಯಲ್ಲಿ ಅಭ್ಯಾಸವಿರುತ್ತದೆ. ಉಸಿರಾಟವನ್ನು ಗಮನಿಸುವುದು, ಮೈಯ ಯಾವ ಭಾಗ ಬಿಗಿದಿದೆ ಎಂಬುದನ್ನು ಅರಿಯುವುದು, ಮಗುವಿಗೆ ಊಟ ಮಾಡಿಸುವಾಗ ಅಥವಾ ಸ್ನಾನ ಮಾಡಿಸುವಾಗ ಆ ಕೆಲಸದಲ್ಲಿಯೇ ಮನಸ್ಸಿಡುವುದು ಇದರ ಮೊದಲ ಹೆಜ್ಜೆಗಳು.

ಉದಾಹರಣೆಗೆ, ಬೆಳಗಿನ ಅವಸರದಲ್ಲಿ ಮೂರು ವರ್ಷದ ಮಗು ಹಾಲಿನ ಲೋಟವನ್ನು ಚೆಲ್ಲಿತೆನ್ನೋಣ. ಕೈ ಮೇಲೇಳುವುದಕ್ಕೂ ಏಟು ಬೀಳುವುದಕ್ಕೂ ನಡುವೆ ಒಂದು ಗಳಿಗೆಯಿರುತ್ತದೆ. ಆ ಗಳಿಗೆಯಲ್ಲಿ ತಾಯಿ ಒಂದು ಉಸಿರೆಳೆದು, ‘ನನಗೆ ಕೋಪ ಬಂದಿದೆ, ಬಸ್ಸಿಗೆ ತಡವಾಗುತ್ತದೆಂಬ ದಿಗಿಲು ಇದಕ್ಕೆ ಕಾರಣ’ ಎಂದು ಗುರುತಿಸಿದರೆ, ಚೆಲ್ಲಿದ ಹಾಲನ್ನು ಮಗುವಿನೊಡನೆ ಸೇರಿ ಒರೆಸುವ ದಾರಿ ತೆರೆಯುತ್ತದೆ. ಒಂದು ವೇಳೆ ಗದರಿಯೇಬಿಟ್ಟರೆ, ಶಾಂತವಾದ ಬಳಿಕ ಮಗುವನ್ನು ಹತ್ತಿರ ಕರೆದು ‘ಅಮ್ಮ ಜೋರಾಗಿ ಕೂಗಿಬಿಟ್ಟೆ, ನಿನಗೆ ಭಯವಾಯಿತಲ್ಲವೆ’ ಎನ್ನುವುದೂ ಅಭ್ಯಾಸದ ಭಾಗವೇ. ತಡೆಯುವುದು ಮತ್ತು ತಡೆಯಲಾಗದೆ ಹೋದಾಗ ಸರಿಪಡಿಸುವುದು, ಈ ಎರಡೂ ತರಬೇತಿಯಲ್ಲಿ ಸಮಾನ ಸ್ಥಾನ ಪಡೆದಿವೆ.

ಅಧ್ಯಯನಗಳು

ನಿರ್ಭಯ್ ಸಿಂಗ್ ಮತ್ತು ಸಂಗಡಿಗರು 2006ರಲ್ಲಿ ಆಟಿಸಂ ಇರುವ ಮಕ್ಕಳ ಮೂವರು ತಾಯಂದಿರಿಗೆ ತರಬೇತಿ ನೀಡಿದಾಗ, ಮಕ್ಕಳ ಆಕ್ರಮಣಶೀಲತೆ ಕಡಿಮೆಯಾಗಿ ತಾಯಂದಿರ ತೃಪ್ತಿ ಹೆಚ್ಚಿದ್ದು ಕಂಡುಬಂತು. ಬೋಗೆಲ್ಸ್ ಅವರ ತಂಡವು 86 ಹೆತ್ತವರನ್ನು ಒಳಗೊಂಡ ಅಧ್ಯಯನವನ್ನು 2014ರಲ್ಲಿ ಪ್ರಕಟಿಸಿತು; ತರಬೇತಿಯ ಬಳಿಕ ಹೆತ್ತವರ ಪಾಲನಾ ಒತ್ತಡವೂ ಮಕ್ಕಳ ಮಾನಸಿಕ ತೊಂದರೆಗಳೂ ಇಳಿದಿದ್ದವು. ಇದೇ ವಿಶ್ವವಿದ್ಯಾಲಯದ ಸಂಶೋಧಕರು ಹಸುಗೂಸುಗಳ ತಾಯಂದಿರಿಗೆ ಮಗುವಿನ ಸಮೇತ ಪಾಲ್ಗೊಳ್ಳುವ ತರಬೇತಿಯನ್ನೂ ರೂಪಿಸಿದರು.

25 ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ತರಬೇತಿ ಮುಗಿದಾಗ ಪಾಲನಾ ಒತ್ತಡ ಸ್ವಲ್ಪ ಪ್ರಮಾಣದಲ್ಲಿಯೂ ಎರಡು ತಿಂಗಳ ನಂತರ ಮಧ್ಯಮ ಪ್ರಮಾಣದಲ್ಲಿಯೂ ಇಳಿದಿತ್ತೆಂದು ವರದಿ ಮಾಡಿತು. ಹೆತ್ತವರ ಒತ್ತಡ ಹೆಚ್ಚು ಇಳಿದೆಡೆ ಮಕ್ಕಳ ಸಿಡುಕು, ಹೊಡೆದಾಟದಂತಹ ನಡವಳಿಕೆಗಳೂ ಹೆಚ್ಚು ಸುಧಾರಿಸಿದ್ದವು. ಆದರೆ ಮಕ್ಕಳ ಒಳಗಿನ ಆತಂಕ, ದುಃಖಗಳ ವಿಷಯದಲ್ಲಿ ಅಂತಹ ಸಂಬಂಧ ಕಾಣಲಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ದಕ್ಷಿಣ ಏಷ್ಯಾದಲ್ಲಿ ತಾಯಿಯ ಒತ್ತಡವನ್ನು ಬಡತನ ಮತ್ತು ಲಿಂಗ ತಾರತಮ್ಯಗಳಿಂದ ಬೇರ್ಪಡಿಸಿ ನೋಡಲಾಗದು. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರರಿಂದ ಎಂಟು ವಾರಗಳ ಬಾಣಂತಿಯರಲ್ಲಿ ಶೇ. 23 ಮಂದಿಗೆ ಖಿನ್ನತೆಯಿತ್ತು. ಬಡತನ ಮತ್ತು ಗಂಡನ ಹಿಂಸೆ ಅಪಾಯವನ್ನು ಹೆಚ್ಚಿಸಿದ್ದವು. ಹೆಣ್ಣು ಮಗು ಹುಟ್ಟಿದಾಗ ಅವುಗಳ ಪ್ರಭಾವ ಮತ್ತಷ್ಟು ತೀವ್ರವಾಗುತ್ತಿತ್ತು. ತಾಯಿಯ ಖಿನ್ನತೆಗೂ ಆರು ತಿಂಗಳ ಮಗುವಿನ ತೂಕ ಮತ್ತು ಉದ್ದದ ಕೊರತೆಗೂ ಸಂಬಂಧವಿರುವುದನ್ನು ಇದೇ ತಂಡ ಮುಂದೆ ತೋರಿಸಿತು.

ಮನೋವೈದ್ಯರ ಕೊರತೆಯಿರುವ ಕಡೆ ಏನು ಮಾಡಬಹುದೆಂಬುದಕ್ಕೆ ಪಾಕಿಸ್ತಾನದ ಗ್ರಾಮಾಂತರದಲ್ಲಿ ಅತಿಫ್ ರೆಹಮಾನ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ನಿದರ್ಶನವಾಗಿದೆ. ಅಲ್ಲಿ ಆರೋಗ್ಯ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಖಿನ್ನರಾಗಿದ್ದ ತಾಯಂದಿರಿಗೆ ಆಪ್ತ ಸಲಹೆ ನೀಡಿದರು. ಆರು ತಿಂಗಳ ನಂತರ ಸಲಹೆ ಪಡೆದವರಲ್ಲಿ ಶೇ. 23, ಪಡೆಯದವರಲ್ಲಿ ಶೇ. 53 ಮಂದಿ ಖಿನ್ನರಾಗಿದ್ದರು. ಈ ಕ್ರಮವನ್ನು ಮುಂದೆ ಗೋವಾದಲ್ಲಿಯೂ ನೆರೆಹೊರೆಯ ಮಹಿಳೆಯರ ಮೂಲಕ ಪರೀಕ್ಷಿಸಲಾಯಿತು. ಇದು ಸಾವಧಾನ ಪಾಲನೆಯ ತರಬೇತಿಯಲ್ಲ. ಆದರೂ ತಾಯಿಯ ಮನಸ್ಸಿಗೆ ನೀಡುವ ಆಸರೆ ಸರಳವೂ ಹತ್ತಿರದ್ದೂ ಆಗಿರಬಲ್ಲದೆಂದು ತೋರಿಸುತ್ತದೆ.

ಕರ್ನಾಟಕದಲ್ಲಿ ಹೆರಿಗೆಗೆ ತವರುಮನೆಗೆ ಹೋಗುವುದು, ಬಾಣಂತನದ ಎಣ್ಣೆನೀರು, ವಿಶೇಷ ಅಡುಗೆ, ಮಗುವನ್ನು ಎತ್ತಿಕೊಳ್ಳಲು ಹಲವು ಕೈಗಳು ಇವೆಲ್ಲ ತಾಯಿಗೆ ವಿಶ್ರಾಂತಿಯ ಅವಕಾಶ ನೀಡುತ್ತ ಬಂದಿವೆ. ಬಾಣಂತನದ ಎಲ್ಲ ಕಟ್ಟುಪಾಡುಗಳೂ ಹಿತಕರವಲ್ಲ. ನೀರು ಕುಡಿಯಲು ಬಿಡದಿರುವಂತಹ ಪಥ್ಯಗಳು ಹಾನಿಕರ. ತವರಿನ ಆಸರೆ ಇಲ್ಲದವರಿಗೆ, ನಗರಗಳ ಪುಟ್ಟ ಕುಟುಂಬಗಳಲ್ಲಿ ಹಾಗೂ ದೂರದೇಶಗಳಲ್ಲಿ ನೆಲೆಸಿರುವವರಿಗೆ ಈ ವ್ಯವಸ್ಥೆ ಲಭ್ಯವಿರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ತಾಯಿ–ಮಗು ವಿಭಾಗ ಆರಂಭವಾಯಿತು. ತೀವ್ರ ಮಾನಸಿಕ ತೊಂದರೆಯಿರುವ ಬಾಣಂತಿಯರಿಗೆ ಮಗುವನ್ನು ಜೊತೆಯಲ್ಲಿಯೇ ಇರಿಸಿಕೊಂಡು ಚಿಕಿತ್ಸೆ ನೀಡುವುದು ಇದರ ವಿಶೇಷ. ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ವಿಧಿಸುತ್ತದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಿಂದ ಮೊದಲಾಯಿತು, ಇದರ ಅಂಗನವಾಡಿಗಳು ಗ್ರಾಮೀಣ ತಾಯಿಗೆ ದಿನದಲ್ಲಿ ಕೆಲವು ಗಂಟೆಗಳ ಬಿಡುವನ್ನೂ ಒದಗಿಸುತ್ತವೆ. ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ತೆರೆಯಲಾದ ‘ಕೂಸಿನ ಮನೆ’ಗಳ ಉದ್ದೇಶವೂ ಇದೇ. 2017ರ ತಿದ್ದುಪಡಿಯ ಮೂಲಕ ಹೆರಿಗೆ ರಜೆಯನ್ನು 26 ವಾರಗಳಿಗೆ ಹೆಚ್ಚಿಸಲಾಗಿದ್ದರೂ ಅಸಂಘಟಿತ ವಲಯದ ಬಹುಪಾಲು ಮಹಿಳೆಯರಿಗೆ ಅದು ದೊರೆಯುವುದಿಲ್ಲ.

ಟೀಕೆಗಳು ಮತ್ತು ಮಿತಿಗಳು

ಈ ವಿಧಾನದ ಮೇಲಿನ ಮುಖ್ಯ ಆಕ್ಷೇಪವೆಂದರೆ, ಸಮಾಜ ಹೊರಿಸಿದ ಭಾರವನ್ನು ತಾಯಿ ತನ್ನ ಉಸಿರಾಟದಿಂದ ಇಳಿಸಿಕೊಳ್ಳಬೇಕೆಂದು ಇದು ಸೂಚಿಸುವಂತಿದೆ ಎಂಬುದು. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಾರೆ. ಈ ಅಂತರ ಹಾಗೆಯೇ ಉಳಿದರೆ ಧ್ಯಾನವೂ ತಾಯಿಯ ಕೆಲಸಗಳ ಪಟ್ಟಿಗೆ ಸೇರುವ ಮತ್ತೊಂದು ಕೆಲಸವಾಗಬಹುದು. ಸಾವಧಾನತೆಯ ವಾಣಿಜ್ಯೀಕರಣವನ್ನು ಅಮೆರಿಕದ ರೊನಾಲ್ಡ್ ಪರ್ಸರ್ ಅವರು 2019ರ ತಮ್ಮ ಪುಸ್ತಕದಲ್ಲಿ ಟೀಕಿಸಿದ್ದಾರೆ.

ಮಗುವಿನ ತೊಂದರೆಗೆಲ್ಲ ತಾಯಿಯನ್ನೇ ಹೊಣೆ ಮಾಡುವ ಅಪಾಯಕ್ಕೆ ಇತಿಹಾಸದಲ್ಲಿ ನಿದರ್ಶನವಿದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆಟಿಸಂಗೆ ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂಬ ಸಿದ್ಧಾಂತವು ಪ್ರಚಲಿತವಾಗಿತ್ತು. ಬರ್ನಾರ್ಡ್ ರಿಮ್ಲೆಂಡ್ ಅವರು 1964ರಲ್ಲಿ ಅದನ್ನು ಪ್ರಶ್ನಿಸಿದರು. ಬಳಿಕ ಆ ಸಿದ್ಧಾಂತ ಸಂಪೂರ್ಣವಾಗಿ ತಿರಸ್ಕೃತವಾಯಿತು. ಅಷ್ಟರಲ್ಲಿ ಎಷ್ಟೋ ತಾಯಂದಿರು ಮಾಡದ ತಪ್ಪಿಗೆ ನೊಂದಿದ್ದರು.

ಸಂಶೋಧನೆಯ ಮಿತಿಗಳೂ ಗಮನಾರ್ಹ. ಅನೇಕ ಅಧ್ಯಯನಗಳು ಚಿಕ್ಕವು. ಹೋಲಿಕೆಯ ಗುಂಪು ಇಲ್ಲದವು. ಫಲಿತಾಂಶಕ್ಕಾಗಿ ಹೆತ್ತವರ ಹೇಳಿಕೆಯನ್ನೇ ಅವಲಂಬಿಸಿದವು. ಪಾಲ್ಗೊಂಡವರಲ್ಲಿ ಶ್ರೀಮಂತ ದೇಶಗಳ ವಿದ್ಯಾವಂತ ತಾಯಂದಿರೇ ಹೆಚ್ಚು, ತಂದೆಯರು ಕಡಿಮೆ.

ನೆರವು ಪಡೆಯಬೇಕಾದ ಸಂದರ್ಭಗಳು

ದುಃಖ ಅಥವಾ ನಿರಾಸಕ್ತಿ ಎರಡು ವಾರಗಳನ್ನು ಮೀರುವುದು, ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿರುವುದು, ಮಗುವಿನ ಬಗ್ಗೆ ಯಾವ ಭಾವವೂ ಮೂಡದಿರುವುದು, ತನಗೆ ಅಥವಾ ಮಗುವಿಗೆ ಅಪಾಯ ಮಾಡಿಕೊಳ್ಳುವ ಯೋಚನೆ, ಇಲ್ಲದ ದನಿಗಳು ಕೇಳಿಸುವುದು ಇವು ಕಂಡರೆ ವೈದ್ಯರನ್ನು ಕಾಣುವುದು ಅವಶ್ಯ. ಕೊನೆಯ ಎರಡು ಲಕ್ಷಣಗಳಿದ್ದಾಗ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂತಹ ಸ್ಥಿತಿಯಲ್ಲಿ ಸಾವಧಾನದ ಅಭ್ಯಾಸವೊಂದೇ ಸಾಲದು. ಪ್ರಸವಾನಂತರದ ಖಿನ್ನತೆಗೆ ಪರಿಣಾಮಕಾರಿ ಚಿಕಿತ್ಸೆಯಿದೆ. ಎದೆಹಾಲುಣಿಸುತ್ತಿರುವಾಗಲೂ ತೆಗೆದುಕೊಳ್ಳಬಹುದಾದ ಔಷಧಗಳನ್ನು ವೈದ್ಯರು ಸೂಚಿಸಬಲ್ಲರು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.